ಪೆಟ್ಟಿಗೆ ಹೊರುವವರ ಹಾಡು

ಕೊಲಂಬಿಯಾ, ಮೇರಿಲ್ಯಾಂಡ್
ನವೆಂಬರ್ 2024

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗ ರಾಘವೇಂದ್ರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮನಿಗೂ ಸುಬ್ರಾಯ ಮಾವನಿಗೂ ನನ್ನ ನಮಸ್ಕಾರ ತಿಳಿಸಿರಿ.

ನಿಮ್ಮ ಪತ್ರ ಸೋಮವಾರ ಕೈಸೇರಿತು. ಫೋನಿನಲ್ಲಿ ಹೇಳಬಹುದಾದುದನ್ನು ಎರಡು ಪುಟ ತುಂಬ ಬರೆದಿದ್ದೀರಿ ಎಂದಾಗಲೇ ಅದು ವೀಣಾಳ ಮದುವೆಯ ವಿಷಯವೆಂದು ಊಹಿಸಿದೆ. ಹಾಡುವವರ ಹಿಂದೆ ಊರೂರು ತಿರುಗಿ ಮೈಕು ಕಟ್ಟುವವನಿಗೆ ಹೆಣ್ಣು ಕೊಡುವುದು ಹೇಗೆ ಎಂದು ಮಾವ ಕೇಳಿದ ಪ್ರಶ್ನೆ ನಿಮ್ಮ ನಿದ್ದೆಯನ್ನೂ ಕೆಡಿಸಿದಂತಿದೆ. ನೀವು ಹೇಳಿದಂತೆಯೇ ನಾನು ಆ ಹುಡುಗನೊಡನೆ ಒಂದು ಗಂಟೆಗೂ ಹೆಚ್ಚು ಮಾತನಾಡಿದ್ದೇನೆ. ಅವನು ನನ್ನ ಸಂಬಳವನ್ನಾಗಲಿ ವೀಸಾವನ್ನಾಗಲಿ ಕೇಳಲಿಲ್ಲ. "ಕೊಲಂಬಿಯಾದಲ್ಲಿದ್ದೀರಂತೆ, ಮೆರಿವೆದರ್ ಪೋಸ್ಟ್ ಪೆವಿಲಿಯನ್ ನಿಮ್ಮ ಮನೆಗೆ ಹತ್ತಿರವೇ?" ಎಂಬುದೇ ಅವನ ಮೊದಲ ಪ್ರಶ್ನೆ. ಆರು ವರ್ಷದಿಂದ ಆ ಬಯಲು ಸಂಗೀತ ವೇದಿಕೆಯಿಂದ ಎರಡು ಮೈಲಿ ದೂರದಲ್ಲಿದ್ದೂ ಅದನ್ನು ಶನಿವಾರ ಸಂಜೆ ವಾಹನಗಳು ಸಾಲುಗಟ್ಟಿ ನಿಲ್ಲುವ ತಾಣವೆಂದಷ್ಟೇ ತಿಳಿದಿದ್ದ ನನಗೆ ನಾಚಿಕೆಯಾಯಿತು.

ಜಾಕ್ಸನ್ ಬ್ರೌನ್ ಎಂಬ ರಾಕ್ ಗಾಯಕನ 'ರನ್ನಿಂಗ್ ಆನ್ ಎಂಪ್ಟಿ' ಎಂಬ ಆಲ್ಬಮ್ಮಿನ ಮೊದಲ ಹಾಡೂ ಕೊನೆಯ ಎರಡು ಹಾಡುಗಳೂ 1977ರ ಆಗಸ್ಟ್ 27ರಂದು ಅದೇ ವೇದಿಕೆಯಲ್ಲಿ ಧ್ವನಿಮುದ್ರಣವಾದವಂತೆ. ನೀವು 'ಗಲಾಟೆ ಸಂಗೀತ' ಎನ್ನುವ ಜಾತಿಯದೇ ಎಂದುಕೊಂಡು ಹಳೆಯ ರೆಕಾರ್ಡ್ ಅಂಗಡಿಯಲ್ಲಿ ಒಂದು ಪ್ರತಿ ಕೊಂಡು ತಂದು ಕೇಳಿದೆ. ಅಪ್ಪಯ್ಯ, ಅದು ಗಲಾಟೆಯಲ್ಲ. ಸಾಮಾನ್ಯವಾಗಿ ಗಾಯಕರು ಪ್ರವಾಸದಲ್ಲಿ ತಮ್ಮ ಹಳೆಯ ಹೆಸರಾಂತ ಹಾಡುಗಳನ್ನು ಹಾಡಿ ಅದನ್ನೇ ಲೈವ್ ಆಲ್ಬಮ್ ಎಂದು ಮಾರುತ್ತಾರೆ. ಈತ ಹಾಗೆ ಮಾಡದೆ, ಅದುವರೆಗೆ ತನ್ನ ಯಾವ ಆಲ್ಬಮ್ಮಿನಲ್ಲೂ ಇರದ ಹತ್ತು ಹಾಡುಗಳನ್ನು ದಾರಿಯುದ್ದಕ್ಕೂ, ಅಂದರೆ ವೇದಿಕೆಯಲ್ಲಿ, ಹೋಟೆಲಿನ ಕೋಣೆಯಲ್ಲಿ, ವೇದಿಕೆಯ ಹಿಂದಿನ ತಾಲೀಮು ಕೋಣೆಯಲ್ಲಿ, ಕಡೆಗೆ ಓಡುವ ಬಸ್ಸಿನೊಳಗೂ ಹಾಡಿ ಮುದ್ರಿಸಿಕೊಂಡಿದ್ದಾನೆ. ಯಾವ ಹಾಡು ಯಾವ ಊರಿನ ಎಷ್ಟನೆಯ ನಂಬರಿನ ಕೋಣೆಯದು ಎಂಬುದನ್ನೂ ಅಚ್ಚು ಹಾಕಿಸಿದ್ದಾರೆ. ಬಸ್ಸಿನ ಹಾಡಿನಲ್ಲಿ ಎಂಜಿನ್ನಿನ ಗುಂಯ್‌ಗುಡುವಿಕೆ ಹಾಗೆಯೇ ಉಳಿದಿದೆ. ದೊಡ್ಡ ಡ್ರಮ್ಮಿನ ಬದಲು ಅಲ್ಲಿ ರಸ್ ಕಂಕಲ್ ಎಂಬ ವಾದಕ ಒಂದು ರಟ್ಟಿನ ಪೆಟ್ಟಿಗೆಯನ್ನೇ ಕಾಲಿನಿಂದ ಬಾರಿಸಿದ್ದಾನೆ. ಹೊದಿಕೆಯ ಚಿತ್ರದಲ್ಲಿ ಖಾಲಿ ರಸ್ತೆಯ ನಡುವೆ ಡ್ರಮ್ಮುಗಳನ್ನು ಜೋಡಿಸಿಟ್ಟಿದ್ದಾರೆ, ನುಡಿಸುವವನೇ ಇಲ್ಲ.

ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆಂದರೆ, ಹುಡುಗ ನನಗೆ ಕೇಳಲು ಹೇಳಿದ್ದು ಕೊನೆಗಿಂತ ಮೊದಲಿನ 'ದಿ ಲೋಡ್ ಔಟ್' ಎಂಬ ಹಾಡನ್ನು. ಅದು ಪ್ರೇಮದ ಹಾಡಲ್ಲ, ಪೆಟ್ಟಿಗೆ ಹೊರುವವರ ಹಾಡು. ಕಾರ್ಯಕ್ರಮ ಮುಗಿದು ಕುರ್ಚಿಗಳು ಖಾಲಿಯಾದ ಮೇಲೆ ಎಲ್ಲರಿಗಿಂತ ಮೊದಲು ಬಂದು ಎಲ್ಲರ ನಂತರ ಹೋಗುವ ಕೆಲಸಗಾರರು ವೇದಿಕೆಯನ್ನು ಬಿಚ್ಚಿ ಲಾರಿಗೆ ತುಂಬುವುದನ್ನೂ, ಸಣ್ಣ ಕೂಲಿಗೆ ದುಡಿದು ಮರುದಿನ ಇನ್ನೊಂದೂರಿನಲ್ಲಿ ಅದನ್ನೇ ಮತ್ತೆ ಕಟ್ಟುವುದನ್ನೂ ಆತ ಪಿಯಾನೊದ ಮುಂದೆ ಕುಳಿತು ನಿಧಾನವಾಗಿ ಹೇಳುತ್ತಾ ಹೋಗುತ್ತಾನೆ. ನನಗೆ ಆಗ ನೆನಪಾದದ್ದು ನಮ್ಮ ಮನೆಯ ಹರಕೆಯ ಯಕ್ಷಗಾನದ ಆಟ. ಮಂಗಳವಾಗಿ ವೇಷದವರು ಚೌಕಿಯಲ್ಲಿ ಬಣ್ಣ ತೆಗೆಯುತ್ತಿದ್ದಾಗ, ಗದ್ದೆಯಲ್ಲಿ ಇಬ್ಬನಿಗೆ ಒದ್ದೆಯಾದ ಹಗ್ಗ ಬಿಚ್ಚುತ್ತಿದ್ದ ರಂಗಸ್ಥಳದವರನ್ನು ನೀವೇ ಕೂಗಿ ಕರೆದು, ಭಾಗವತರಿಗಿಂತ ಮೊದಲು ಅವರ ಬಾಳೆಲೆಗೆ ಇಡ್ಲಿ ಬಡಿಸಿದಿರಿ. ಆ ದಿನ ಮಾವ ಹುಬ್ಬು ಗಂಟಿಕ್ಕಿದ್ದೂ ನೆನಪಿದೆ. ಈ ಹುಡುಗ ಮಾಡುತ್ತಿರುವುದು ಆ ಕೆಲಸವನ್ನೇ, ಹಗ್ಗದ ಬದಲು ಕೇಬಲ್ ಅಷ್ಟೆ.

ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಈ ಆಲ್ಬಮ್ಮಿನಲ್ಲಿ ಕೊಕೇನಿನ ಮೇಲೆಯೇ ಒಂದು ಹಾಡಿದೆ. ಇಲಿನಾಯ್ ರಾಜ್ಯದ ಒಂದು ಹೋಟೆಲ್ ಕೋಣೆಯಲ್ಲಿ ಹಾಡಿದ್ದು. ಮಾವನಿಗೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಆದರೆ ಅದು ಆ ಕಾಲದ, ಆ ದೇಶದ, ಆ ಗುಂಪಿನ ಮಾತು. ನಮ್ಮ ಹುಡುಗ ಕುಡಿಯುವುದಿಲ್ಲ, ಸೇದುವುದಿಲ್ಲ, ರಾತ್ರಿ ಕೆಲಸದಲ್ಲಿ ಚಹಾ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ವೀಣಾ ಮೂರು ಸಲ ಹೇಳಿದ್ದಾಳೆ. ನಾನೂ ಕೇಳಿದೆ, ಅವನೂ ಅದನ್ನೇ ಹೇಳಿದ. ದಯವಿಟ್ಟು ಈ ಬಗ್ಗೆ ಸ್ವಲ್ಪವೂ ಯೋಚಿಸಬೇಡಿರಿ.

ಹಣದ ಪ್ರಶ್ನೆಗೆ ಉತ್ತರ ಇಷ್ಟು ಸುಲಭವಲ್ಲ. ಮಳೆಗಾಲದ ಮೂರು ತಿಂಗಳು ಕೆಲಸ ಕಡಿಮೆ, ಮೇಳಗಳಿಗೆ ಇದ್ದ ಹಾಗೆಯೇ. ಆಲ್ಬಮ್ಮಿನ ಹೆಸರಿನ ಅರ್ಥವೇ ಟ್ಯಾಂಕು ಬರಿದಾಗಿದ್ದರೂ ಓಡುತ್ತಿರುವುದು ಎಂದಾಗುತ್ತದೆ; ಆ ಹಾಡು ಹುಟ್ಟಿದಾಗ ಬ್ರೌನ್ ಸ್ಟುಡಿಯೊ ಹತ್ತಿರವೇ ಇದೆಯೆಂದು ಪೆಟ್ರೋಲ್ ತುಂಬಿಸದೆ ಓಡಾಡುತ್ತಿದ್ದನಂತೆ. ಹುಡುಗನಿಗೆ ಇದನ್ನು ಹೇಳಿ, ನೀನೂ ಹಾಗೆಯೋ ಎಂದು ಕೇಳಿದೆ. ನಕ್ಕು, ಆರು ತಿಂಗಳ ಖರ್ಚಿನಷ್ಟನ್ನು ಬ್ಯಾಂಕಿನಲ್ಲಿ ಬೇರೆಯೇ ಇಟ್ಟಿರುವುದಾಗಿ ಹೇಳಿದ. ನನಗಂತೂ ಸಮಾಧಾನವಾಯಿತು, ನಿಮಗೂ ಆಗಬೇಕು.

ಭಾನುವಾರ ಆ ಪೆವಿಲಿಯನ್ನಿನ ವರೆಗೆ ನಡೆದು ಹೋಗಿ ಬಂದೆ. ಸುತ್ತ ಕಾಡು, ಗೇಟಿಗೆ ಬೀಗ, ಒಣಗಿದ ಎಲೆಗಳ ರಾಶಿ. ಬೇಸಗೆಯಲ್ಲಿ ಹೆಚ್ಚು ದುಡ್ಡು ಕೊಟ್ಟವರು ಮಾಡಿನ ಕೆಳಗೆ ಕುರ್ಚಿಯಲ್ಲಿ ಕೂರುತ್ತಾರೆ, ಉಳಿದವರು ಹಿಂದಿನ ಹುಲ್ಲಿನ ಇಳಿಜಾರಿನಲ್ಲಿ ಹೊದಿಕೆ ಹಾಸಿಕೊಳ್ಳುತ್ತಾರೆ. ನಮ್ಮ ಟೆಂಟಿನ ಆಟದ 'ಕುರ್ಚಿ', 'ನೆಲ' ಎಂಬ ಭೇದ ಅಮೆರಿಕದವರಿಗೂ ಗೊತ್ತಿದೆ ಎಂದು ಮಾವನಿಗೆ ತಿಳಿಸಿರಿ.

ಇನ್ನೊಂದು ಮಾತು. 'ಲೋಡ್ ಔಟ್' ನಿಲ್ಲದೆ 'ಸ್ಟೇ' ಎಂಬ ಹಾಡಿಗೆ ಸೇರಿಕೊಳ್ಳುತ್ತದೆ. ಅದು ಮಾರಿಸ್ ವಿಲಿಯಮ್ಸ್ ಎಂಬಾತನ 1960ರ ಹಾಡು. ಇನ್ನು ಸ್ವಲ್ಪ ಹೊತ್ತು ಉಳಿದರೆ ನಿನ್ನ ಅಪ್ಪ ಅಮ್ಮ ಬೇಡವೆನ್ನುವುದಿಲ್ಲ ಎಂದು ಅದರಲ್ಲಿ ಹುಡುಗ ಹುಡುಗಿಯನ್ನು ಒಲಿಸುತ್ತಾನೆ. ಬ್ರೌನ್ ಆ ಅಪ್ಪ ಅಮ್ಮನನ್ನು ತೆಗೆದು, ಕಾರ್ಯಕ್ರಮ ಏರ್ಪಡಿಸಿದವನೂ ಕೆಲಸಗಾರರ ಸಂಘವೂ ಬೇಡವೆನ್ನುವುದಿಲ್ಲ ಎಂದು ಬದಲಿಸಿ ಜನರನ್ನು ಇನ್ನೊಂದು ಹಾಡಿಗೆ ಕೂರಿಸಿಕೊಳ್ಳುತ್ತಾನೆ. ಕಡೆಯಲ್ಲಿ ಡೇವಿಡ್ ಲಿಂಡ್ಲಿ ಎಂಬ ವಾದಕ ಹೆಂಗಸಿನಂಥ ಕೀರಲು ಸ್ವರದಲ್ಲಿ ಹಾಡಿದ್ದನ್ನು ಕೇಳಿ ನಾನೊಬ್ಬನೇ ನಕ್ಕೆ. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಅಮ್ಮನನ್ನು ತೆಗೆದು ಹಾಡುವ ಹಾಗಿಲ್ಲ; ನೀವು ಬೇಡವೆಂದರೆ ವೀಣಾ ಮುಂದುವರಿಯುವುದಿಲ್ಲ. ಆದ್ದರಿಂದಲೇ, ಅವನನ್ನು ಒಮ್ಮೆ ಮನೆಗೆ ಕರೆದು, ಮಾವನ ಎದುರಲ್ಲದೆ ನೀವೇ ಮಾತನಾಡಿ ನೋಡಿರಿ ಎಂದು ಬೇಡಿಕೊಳ್ಳುತ್ತೇನೆ.

ಈ ಪತ್ರವನ್ನೂ ರೆಕಾರ್ಡನ್ನೂ ನಾಳೆ ಮುಂಜಾನೆ ಊರಿಗೆ ಹೊರಡುವ ಸಹೋದ್ಯೋಗಿಯ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಆತ ಆಗಲೇ ಕೆಳಗೆ ಬಂದು ಫೋನ್ ಮಾಡುತ್ತಿದ್ದಾನೆ. ರೆಕಾರ್ಡ್ ಹುಡುಗನಿಗೆ, ಅವನು ಬರುವ ತನಕ ಅಟ್ಟದಲ್ಲಿ ಇಡಬೇಡಿರಿ, ಸೆಕೆಗೆ ಬಾಗುತ್ತದೆ. ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿರಿ. ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆಂದು ಅಮ್ಮನಿಗೆ ಹೇಳಿರಿ.

ಇತಿ ನಿಮ್ಮ ಆಶೀರ್ವಾದ ಬೇಡುವ,
ರಾಘವೇಂದ್ರ