ಆ ಒಂದು ಸಾಲಿನ ಬಗ್ಗೆ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಅಲರ್ಜಿಗೆ ಇಂಜೆಕ್ಷನ್ ಚಿಕಿತ್ಸೆ ಶುರು ಮಾಡುತ್ತಾರೆ ಅಂತ ಬರೆದ ನಿನ್ನ ಕಾಗದದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಧೂಳಿನ ಹುಳ ಆಗೋದಿಲ್ಲ ಅಂತ ಗೊತ್ತಿದ್ದೂ ಅದರ ಅಂಶವನ್ನೇ ಚುಚ್ಚುತ್ತಾರಂತೆ ದೊಡ್ಡಮ್ಮ, ಉಸಿರು ಕಟ್ಟಿದರೆ?" ಉಸಿರು ಕಟ್ಟೋದು ಅಂದರೆ ಏನು ಅಂತ ನನಗೂ ಗೊತ್ತಲ್ವಾ. ರಾತ್ರಿ ನಿದ್ದೆ ಹತ್ತಲಿಲ್ಲ.

ಭಯ ಸುಳ್ಳಲ್ಲ. ಅಪರೂಪಕ್ಕೆ ಮೈಯೆಲ್ಲ ದದ್ದು ಏಳಬಹುದು, ಎದೆ ಬಿಗಿಯಬಹುದು. ಅದಕ್ಕೇ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು, ಹಾಗಾದರೆ ತಕ್ಷಣ ಕೊಡುವ ಅಡ್ರಿನಲಿನ್ ಔಷಧಿ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು. ಹುಳದ ಅಂಶ ಮೊದಲು ಕೊಡುವುದು ತೀರಾ ಕಡಿಮೆ. ವಾರ ವಾರ ಏರಿಸಿ, ಆಮೇಲೆ ತಿಂಗಳಿಗೊಂದು, ಹೀಗೆ 3ರಿಂದ 5 ವರ್ಷ. ಲಂಡನ್ನಿನ ಲಿಯೊನಾರ್ಡ್ ನೂನ್ ಅನ್ನುವ ಡಾಕ್ಟರು ಹುಲ್ಲಿನ ಪರಾಗದಿಂದ ಇದನ್ನು ಮಾಡಿ 1911ರಲ್ಲೇ ಬರೆದಿದ್ದರು. ನಿನ್ನ ಮೇಲೆ ಹೊಸ ಪ್ರಯೋಗ ಏನಲ್ಲ.

ಅಡಿಕೆ ಮೊದಲು ಸೊಕ್ಕಿ ಆಮೇಲೆ ರೂಢಿಯಾಗುತ್ತಲ್ಲ, ಹಾಗೇನಾ ಅಂದುಕೊಂಡಿದ್ದೆ. ಪೂರ್ತಿ ಹಾಗಲ್ಲ. ಹುಳದ ವಿರುದ್ಧ ಮೈ ಐಜಿಇ ಅನ್ನುವ ಪ್ರತಿಕಾಯ ಮಾಡಿಟ್ಟುಕೊಂಡಿರುತ್ತೆ, ಸೀನು ಉಬ್ಬಸ ಎಲ್ಲ ಅದರ ಕೆಲಸ. ಸ್ವಲ್ಪ ಸ್ವಲ್ಪ ಕೊಡುತ್ತಾ ಹೋದರೆ ಅದನ್ನು ತಣಿಸುವ ಟಿ ಕಣ ಅನ್ನುವ ಬಿಳಿ ರಕ್ತಕಣಗಳು ಜಾಸ್ತಿಯಾಗುತ್ತವೆ. ಐಜಿಜಿ4 ಅನ್ನುವ ಬೇರೆ ಪ್ರತಿಕಾಯ ಹುಟ್ಟಿ ಹುಳದ ಅಂಶವನ್ನು ಐಜಿಇಗಿಂತ ಮೊದಲೇ ಹಿಡಿದುಕೊಳ್ಳುತ್ತೆ. ಮಾತ್ರೆ ಸೀನನ್ನು ಅದುಮುತ್ತೆ ಅಷ್ಟೆ. ಈ ಇಂಜೆಕ್ಷನ್ನಿನ ಗುಣ ನಿಲ್ಲಿಸಿದ ಮೇಲೂ ಸುಮಾರು ಜನಕ್ಕೆ ವರ್ಷಗಟ್ಟಲೆ ಉಳಿಯುತ್ತೆ.

ನಾನು ಹುಡುಗಿಯಾಗಿದ್ದಾಗ ಆಷಾಢದ ಮಳೆಗೆ ಹಾಸಿಗೆ, ಕಂಬಳಿ ಯಾವುದೂ ಒಣಗುತ್ತಿರಲಿಲ್ಲ. ಆ ತೇವದಲ್ಲೇ ಈ ಹುಳ ಹೆಚ್ಚುವುದು ಅಂತ ಯಾರಿಗೆ ಗೊತ್ತಿತ್ತು? ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತ್ತು. "ಹಾಸ್ಟೆಲ್ಲಿನಲ್ಲಿ ರಾತ್ರಿ ಉಸಿರು ಕಟ್ಟಿದರೆ?" ಅಂದರು ಅಪ್ಪಯ್ಯ. ನಿನ್ನದೇ ಸಾಲು ನೋಡು. ಅಟ್ಟ ಬೇಡ, ಕೊಟ್ಟಿಗೆ ಬೇಡ, ಅಡಿಕೆ ಕೊನೆಕೊಯ್ಲಿನ ಕೆಲಸ ಬೇಡ. ಬೇಡ ಬೇಡ ಅಂತಲೇ ವಯಸ್ಸಾಯಿತು. ಜೊತೆಯವಳು ಮೇಷ್ಟ್ರಾಗಿ ರಿಟೈರ್ ಆದಳು. ಹೊಟ್ಟೆಕಿಚ್ಚಲ್ಲ, ಆದರೂ ಒಂಥರಾ ಆಗುತ್ತೆ. ಹೋಗಲಿ.

ಡಾಕ್ಟರಿಗಿಂತ ಹೆಚ್ಚು ನಾನೇನು ಹೇಳೋದು. ಜ್ವರ, ಉಬ್ಬಸ ಇದ್ದ ದಿನ ಮುಚ್ಚಿಡಬೇಡ, ಅವರು ಮುಂದೂಡುತ್ತಾರೆ. ಬಸ್ಸು ತಪ್ಪುತ್ತೆ ಅಂತ ಆ ಅರ್ಧ ಗಂಟೆಗೆ ಮುಂಚೆ ಎದ್ದು ಬರಬೇಡ. ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗಿ. ಈ ಮಳೆಯಲ್ಲಿ ಎಲ್ಲಿ ಒಣಗಿಸಲಿ ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ಸೂಜಿಯೇ ಆಗದು ಅಂದರೆ ನಾಲಿಗೆ ಅಡಿ ಇಡುವ ಹನಿಯೂ ಇದೆ, ಕೇಳಿ ನೋಡು.

ಮೊದಲ ಇಂಜೆಕ್ಷನ್ ಯಾವತ್ತು ಅಂತ ತಿಳಿಸು. ಬೆಳಗಿನ ಬಸ್ಸಿಗೆ ಬಂದು ನಿನ್ನ ಪಕ್ಕ ಕೂರುತ್ತೇನೆ. ಸ್ನೇಹಿತರ ಮುಂದೆ ನಾಚಿಕೆ ಆದರೆ ಹೊರಗಿನ ಬೆಂಚೂ ಆದೀತು.

ನಿನ್ನ ದೊಡ್ಡಮ್ಮ