ಜೆಟ್ ಎಂಜಿನ್ ಬ್ಲೇಡಿನ ರಿಸರ್ಚಿಗೆ ಮಧ್ಯದಲ್ಲಿ ದುಡ್ಡು ನಿಲ್ಲಿಸಬೇಡಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರ, ಬೆಂಗಳೂರಿನ ಒಂದು ಕಾಲೇಜಲ್ಲಿ ಮೆಟಲರ್ಜಿ ಪಾಠ ಮಾಡ್ತೀನಿ, ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ ಬಳಸೋ ಸಿಂಗಲ್ ಕ್ರಿಸ್ಟಲ್ ಸೂಪರ್ ಅಲಾಯ್ (ಒಂದೇ ಹರಳಾಗಿ ಬೆಳೆಸೋ, ಭಾರೀ ಬಿಸಿ ತಡೆಯೋ ಮಿಶ್ರಲೋಹ) ಮೇಲೆ ರಿಸರ್ಚ್ ಮಾಡ್ತೀನಿ. ಇಷ್ಟು ವರ್ಷ ಬಾಯಿ ಬಿಟ್ರೆ ಪ್ರಾಜೆಕ್ಟಿಗೆ ತೊಂದ್ರೆ ಆಗತ್ತೆ ಅಂತ ಸುಮ್ನಿದ್ದೆ. ಈಗ ಪ್ರಾಜೆಕ್ಟೇ ನಿಂತು ಹೋಗಿದೆ, ಅದಕ್ಕೇ ಬರೀತಿದೀನಿ.

ಕೇಳೋದು ಒಂದೇ. ಕಾಲೇಜು ಮತ್ತು ಇಂಡಸ್ಟ್ರಿ ಸೇರ್ಕೊಂಡು ಮಾಡೋ ಎಂಜಿನ್ ಮೆಟೀರಿಯಲ್ ಪ್ರಾಜೆಕ್ಟಿಗೆ ಮಂಜೂರಾದ ದುಡ್ಡು ಕೊನೇ ಟೆಸ್ಟ್ ಮುಗಿಯೋವರೆಗೂ ಕಡಿಯದೆ ಬರಬೇಕು, ಅಷ್ಟು ಮಾಡಿಸಿ. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದು ವಾಪಸ್, ಆಮೇಲೆ ಯುಸಿ (ದುಡ್ಡು ಹೇಗೆ ಖರ್ಚಾಯ್ತು ಅನ್ನೋ ಸರ್ಟಿಫಿಕೇಟ್), ಆಮೇಲೆ ಆಡಿಟ್, ಆಮೇಲೆ ಯಾವಾಗಲೋ ಮುಂದಿನ ಕಂತು, ಈ ರೂಲ್ಸೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರತ್ತೆ, ವಿವರಿಸೋಕೆ ಹೋಗಲ್ಲ.

ಆದ್ರೆ ನಮ್ಮ ಕೆಲಸ ಎಂಥದ್ದು ಅಂತ ಹೇಳಲೇಬೇಕು. ಟರ್ಬೈನಿಗೆ ನುಗ್ಗೋ ಗಾಳಿಯ ಬಿಸಿ 1500 ಡಿಗ್ರಿ ಸೆಲ್ಸಿಯಸ್ ದಾಟಿರತ್ತೆ, ಬ್ಲೇಡಿನ ಲೋಹ 1350ರ ಆಸುಪಾಸಲ್ಲೇ ಕರಗೋಕೆ ಶುರುವಾಗತ್ತೆ. ಬ್ಲೇಡ್ ಒಳಗೆ ಸಣ್ಣ ಸಣ್ಣ ದಾರಿ ಮಾಡಿ ಕಡಿಮೆ ಬಿಸಿ ಇರೋ ಗಾಳಿ ಹರಿಸಿ, ಮೇಲೆ ಸೆರಾಮಿಕ್ ಕೋಟಿಂಗ್ ಕೊಟ್ಟು ಅದನ್ನ ಉಳಿಸ್ಕೋಬೇಕು. ಸಾಧಾರಣ ಲೋಹ ಅಂದ್ರೆ ಕಲ್ಲುಸಕ್ಕರೆ ಗಟ್ಟಿ ಥರ, ನೂರಾರು ಹರಳು ಅಂಟ್ಕೊಂಡಿರತ್ತೆ, ಅಷ್ಟು ಬಿಸೀಲಿ ಎಳೆದ್ರೆ ಆ ಅಂಟಿರೋ ಜಾಗದಲ್ಲೇ ಬಿಟ್ಕೊಳತ್ತೆ. ಅದಕ್ಕೇ ಕರಗಿದ ಲೋಹ ತುಂಬಿದ ಅಚ್ಚನ್ನ ಫರ್ನೇಸಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರ್ ಲೆಕ್ಕದಲ್ಲಿ ಕೆಳಗಿಳಿಸ್ತಾ, ಬುಡದಲ್ಲಿರೋ ಸುರುಳಿ ದಾರೀಲಿ ಒಂದೇ ಒಂದು ಹರಳು ಮೇಲೆ ಬರೋ ಹಾಗೆ ಮಾಡಿ ಇಡೀ ಬ್ಲೇಡನ್ನ ಒಂದೇ ಹರಳಾಗಿ ಬೆಳೆಸ್ತಾರೆ. ಎಲ್ಲೋ ಒಂದು ಕಡೆ ಬೇರೆ ಹರಳು ಹುಟ್ಕೊಂಡ್ರೆ ಅದನ್ನ ಬಿಸಾಕಬೇಕು. ಅದರಲ್ಲಿ ರೀನಿಯಂ ಅನ್ನೋ ದುಬಾರಿ ಲೋಹ ಬೇರೆ ಸುಮಾರು 3 ಪರ್ಸೆಂಟ್ ಇರತ್ತೆ. ಇಷ್ಟಾದ ಮೇಲೆ ಕ್ರೀಪ್ ಟೆಸ್ಟ್: ಸ್ಯಾಂಪಲನ್ನ ಬಿಸಿ ಫರ್ನೇಸಲ್ಲಿಟ್ಟು ತೂಕ ಹಾಕಿ ಎಳೆದು, ನೂರಾರು ಗಂಟೆ, ಕೆಲವು ಸಲ ಸಾವಿರ ಗಂಟೆ ದಾಟಿ, ಅದು ಹೇಗೆ ಉದ್ದ ಆಗತ್ತೆ ಯಾವಾಗ ಮುರಿಯತ್ತೆ ಅಂತ ನೋಡೋದು. ಮಧ್ಯದಲ್ಲಿ ನಿಲ್ಲೋ ಹಾಗಿಲ್ಲ.

ನಮಗೆ ಆ ಸ್ಯಾಂಪಲ್ ಕೊಟ್ಟಿದ್ದು ಒಂದು ಖಾಸಗಿ ಫೌಂಡ್ರಿ. ನಾವು ಟೆಸ್ಟ್ ಮಾಡಿ ಒಳಗೇನಾಗ್ತಿದೆ ಅಂತ ಹೇಳ್ಬೇಕು, ಅವರು ಅದನ್ನ ನೋಡಿ ಎರಕದಲ್ಲಿ ತಿದ್ಕೋಬೇಕು, ಇಷ್ಟೇ ಒಪ್ಪಂದ. ಪೇಟೆಂಟ್ ಬಂದ್ರೆ ಯಾರದ್ದು ಅನ್ನೋ ಒಂದು ಪ್ಯಾರಾಕ್ಕೋಸ್ಕರ ಅವರ ಲೀಗಲ್‌ನೋರೂ ನಮ್ಮ ಲೀಗಲ್‌ನೋರೂ ವರ್ಷಗಟ್ಟಲೆ ಕಾಗದ ಓಡಾಡಿಸಿದ್ರು. ಅಂತೂ ಸಹಿ ಆಯ್ತು, ಸ್ಯಾಂಪಲ್ ಬಂತು, ಟೆಸ್ಟ್ ಶುರು ಮಾಡಿದ್ವಿ.

ಅಷ್ಟರಲ್ಲಿ ದುಡ್ಡು ಕೊಡೋ ಕಡೆಯಿಂದ ಎರಡನೇ ಕಂತು ಬರ್ಲಿಲ್ಲ. ಯುಸಿ ಕಳಿಸಿದ್ವಿ, ಫಾರ್ಮ್ಯಾಟ್ ಸರಿ ಇಲ್ಲ ಅಂದ್ರು, ಮತ್ತೆ ಕಳಿಸಿದ್ವಿ, ಸಂಬಂಧಪಟ್ಟವರು ರಜೆ ಅಂದ್ರು. ಕಂತು ಬರದೆ ಇದ್ದಿದ್ದಕ್ಕೆ ಯುಪಿಎಸ್‌ನ ಎಎಂಸಿ (ವರ್ಷದ ರಿಪೇರಿ ಕಾಂಟ್ರಾಕ್ಟ್) ರಿನ್ಯೂ ಮಾಡೋಕಾಗ್ಲಿಲ್ಲ, ಬ್ಯಾಟರಿ ಸತ್ತಿತ್ತು. ಒಂದು ರಾತ್ರಿ ಮಳೆಗೆ ಕರೆಂಟ್ ಹೋಯ್ತು, ಫರ್ನೇಸ್ ತಣ್ಣಗಾಯ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ನನ್ನ ಸ್ಟೂಡೆಂಟ್ ಮಷೀನ್ ಮುಂದೆ ನೆಲದ ಮೇಲೆ ಕೂತಿದ್ದ, ಏನೂ ಮಾತಾಡ್ಲಿಲ್ಲ.

ಅದನ್ನ ತಡ್ಕೋಬಹುದಿತ್ತು ಸಾರ್. ನಷ್ಟದ ವಿವರ ಬರೆದು ಕಂತು ಬೇಗ ಬಿಡಿ ಅಂತ ಕೇಳಿದ್ದಕ್ಕೆ ಆ ಕಡೆಯಿಂದ ಬಂದ ಉತ್ತರ ಏನ್ ಗೊತ್ತಾ? ಟೆಸ್ಟನ್ನ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರೆಸಿ, ಹೊಸ ಸ್ಯಾಂಪಲ್ ಯಾಕೆ ಬೇಕು ಅನ್ನೋದಕ್ಕೆ ಸಮರ್ಥನೆ ಕೊಡಿ ಅಂತ! ಆ ಬಿಸೀಲಿ ಎಳೆತಕ್ಕೆ ಲೋಹದೊಳಗಿನ ಗಾಮಾ ಪ್ರೈಮ್ ಅನ್ನೋ ಚೌಕ ಕಣಗಳು ನಿಧಾನಕ್ಕೆ ಚಪ್ಪಟೆಯಾಗಿ ಒಂದಕ್ಕೊಂದು ಕೂಡ್ಕೋತಾ ಇರತ್ತೆ, ಗೊತ್ತುಗುರಿ ಇಲ್ಲದೆ ತಣ್ಣಗಾಗಿ ಮತ್ತೆ ಬಿಸಿ ಮಾಡಿದ ಸ್ಯಾಂಪಲ್‌ನಿಂದ ಬಂದ ನಂಬರನ್ನ ಎಂಜಿನ್ ಡಿಸೈನ್ ಮಾಡೋರಿಗೆ ನಾನು ಯಾವ ಮುಖ ಇಟ್ಕೊಂಡು ಕೊಡ್ಲಿ? ಆ ಬ್ಲೇಡ್ ನಂಬ್ಕೊಂಡು ಒಬ್ಬ ಪೈಲಟ್ ಮೇಲೆ ಹೋಗ್ತಾನೆ. ಸಮರ್ಥನೆ ಬರೆದು ಕಳಿಸಿದೆ. ಇವತ್ತಿನವರೆಗೂ ಉತ್ತರ ಇಲ್ಲ. ದುಡ್ಡೂ ಇಲ್ಲ.

ಆ ಹುಡುಗ ಹಾವೇರಿ ಕಡೆ ರೈತರ ಮನೆಯವನು. 37,000 ರೂಪಾಯಿ ಫೆಲೋಶಿಪ್, ಅದೂ ತಿಂಗಳು ತಿಂಗಳು ಬರ್ತಿರ್ಲಿಲ್ಲ, ರೂಮ್ ಬಾಡಿಗೆಗೆ ಸಾಲ ಮಾಡಿದ್ದ. ಈಗ ಇದೇ ಊರಲ್ಲಿ ಒಂದು ವಿದೇಶಿ ಎಂಜಿನ್ ಕಂಪನಿಯ ಆಫೀಸಲ್ಲಿ ಕೆಲಸಕ್ಕೆ ಸೇರಿದಾನೆ. ನಾನೇ ಹೋಗು ಅಂದೆ. ಇನ್ನೇನ್ ಹೇಳ್ಲಿ?

ಇದು ನನ್ನೊಬ್ಬನ ಗೋಳು ಅನ್ಕೋಬೇಡಿ. ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ 1980ರ ದಶಕದ ಶುರುವಿನಲ್ಲೇ ಪ್ರಯಾಣಿಕರ ವಿಮಾನದ ಎಂಜಿನ್ನಿಗೆ ಸಿಂಗಲ್ ಕ್ರಿಸ್ಟಲ್ ಬ್ಲೇಡ್ ಹಾಕಿತ್ತು. ತೇಜಸ್ ಯುದ್ಧವಿಮಾನಕ್ಕೆ ಅಂತ ಹೊರಟ ನಮ್ಮ ಕಾವೇರಿ ಎಂಜಿನ್ನಿಗೆ ಮಂಜೂರಾತಿ ಸಿಕ್ಕಿದ್ದು 1989ರಲ್ಲಿ, ಇದೇ ಬೆಂಗಳೂರಲ್ಲಿರೋ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಂಜಿನ್ ಲ್ಯಾಬ್ ಜಿಟಿಆರ್‌ಇಗೆ, 2008ರಲ್ಲಿ ಅದನ್ನ ತೇಜಸ್‌ನಿಂದ ಬೇರೆ ಮಾಡಿದ್ರು. ತೇಜಸ್ ಮಾರ್ಕ್ 1ಎಗೆ 2021ರಲ್ಲಿ ಅಮೆರಿಕದ ಜಿಇ ಕಂಪನಿ ಹತ್ರ 99 ಎಂಜಿನ್ ಆರ್ಡರ್ ಕೊಟ್ವಿ, ಮೊದಲನೇದು ಕೈಗೆ ಬಂದಿದ್ದು 2025ರ ಮಾರ್ಚಲ್ಲಿ, ಅಷ್ಟು ದಿನ ನಮ್ಮ ವಿಮಾನ ಎಂಜಿನ್ನಿಗೆ ಕಾಯ್ತಾ ಕೂತಿತ್ತು. ನಮಗೆ ಬರಲ್ಲ ಅಂತೇನೂ ಅಲ್ಲ. ಹೈದರಾಬಾದಿನ ಡಿಆರ್‌ಡಿಒ ಲೋಹದ ಲ್ಯಾಬ್ ಡಿಎಂಆರ್‌ಎಲ್ ಹೆಲಿಕಾಪ್ಟರ್ ಎಂಜಿನ್ನಿಗೆ 60 ಸಿಂಗಲ್ ಕ್ರಿಸ್ಟಲ್ ಬ್ಲೇಡ್ ಮಾಡಿ ಎಚ್‌ಎಎಲ್‌ಗೆ ಕೊಟ್ಟಿದೆ ಅಂತ 2021ರ ಏಪ್ರಿಲಲ್ಲಿ ಡಿಆರ್‌ಡಿಒನೇ ಹೇಳ್ತು, ಒಟ್ಟು ಗುರಿ 300. ಆ ಸುದ್ದಿ ಓದಿ ನಮ್ಮ ಲ್ಯಾಬಲ್ಲಿ ಎಲ್ರೂ ಖುಷಿ ಪಟ್ಟಿದ್ವಿ. ಆದ್ರೆ ಒಂದು ಅಲಾಯ್ ಗೆದ್ರೆ ಮುಗೀಲಿಲ್ಲ, ಮುಂದಿನದಕ್ಕೆ ಹತ್ತಾರು ಲ್ಯಾಬು ವರ್ಷಾನುಗಟ್ಟಲೆ ಕೂತು ಡೇಟಾ ತೆಗೀಬೇಕು. ರೋಲ್ಸ್ ರಾಯ್ಸ್ 1990ರಿಂದ ಬ್ರಿಟನ್ನಿನ ಯೂನಿವರ್ಸಿಟಿಗಳಲ್ಲಿ ತನ್ನದೇ ಟೆಕ್ನಾಲಜಿ ಸೆಂಟರ್ ಇಟ್ಟು ನಡೆಸ್ತಿದೆ, ಕೇಂಬ್ರಿಡ್ಜಲ್ಲೂ ಸ್ವಾನ್ಸಿಯಲ್ಲೂ ಮೆಟೀರಿಯಲ್ಸ್ ಕೆಲಸ ಇವತ್ತಿಗೂ ನಡೀತಿದೆ. ಅಲ್ಲಿನ ಪ್ರೊಫೆಸರು ನನಗಿಂತ ಬುದ್ಧಿವಂತರು ಅಂತಲ್ಲ, ಅವರಿಗೆ ಮುಂದಿನ ವರ್ಷ ಲ್ಯಾಬ್ ಇರತ್ತೆ ಅಂತ ಗೊತ್ತಿರತ್ತೆ.

2025ರ ಜೂನಲ್ಲಿ ಲ್ಯಾಬಿಗೆ ಸಾಮಾನು ತಗೊಳ್ಳೋ ರೂಲ್ಸ್ ಕೇಂದ್ರ ಸರ್ಕಾರ ಸಡಿಲ ಮಾಡ್ತು, ಜೆಮ್ ಅನ್ನೋ ಸರ್ಕಾರಿ ಖರೀದಿ ಪೋರ್ಟಲ್ಲಿನಿಂದಲೇ ತಗೋಬೇಕು ಅನ್ನೋ ಕಾಟ ಕಮ್ಮಿ ಆಯ್ತು, ಒಳ್ಳೇದಾಯ್ತು, ಅದಕ್ಕೆ ಧನ್ಯವಾದ. ಮನಸ್ಸು ಮಾಡಿದ್ರೆ ಆಗತ್ತೆ ಅಂತ ಅದರಿಂದಲೇ ಗೊತ್ತಾಗತ್ತಲ್ಲ. ಹಾಗಾದ್ರೆ ಇದನ್ನೂ ಮಾಡಿಸಿ. ಮಂಜೂರಾದ ದುಡ್ಡು ಮಧ್ಯದಲ್ಲಿ ಕಡಿಯಬಾರದು. ಮಾರ್ಚ್ 31ಕ್ಕೆ ಬಾಗಿಲು ಹಾಕಬಾರದು. ಯುಸಿ ಕಳಿಸಿದ ಮೇಲೆ ಇಷ್ಟು ದಿನದೊಳಗೆ ಕಂತು ಬಿಡಲೇಬೇಕು, ತಡ ಮಾಡಿದವರು ಬರವಣಿಗೇಲಿ ಕಾರಣ ಕೊಡಬೇಕು. ನಾವು ಒಂದು ದಿನ ತಡ ಮಾಡಿದ್ರೆ ಕಾರಣ ಕೇಳ್ತೀರಲ್ಲ, ಅವರನ್ನ ಯಾರು ಕೇಳ್ತಾರೆ?

ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರಿಗೆ ಒಂದು ಪ್ರಶ್ನೆ ಹಾಕಿ: ಎಂಜಿನ್ ಮೆಟೀರಿಯಲ್ಸ್ ಬಗ್ಗೆ ಕಾಲೇಜುಗಳಿಗೆ ಕೊಟ್ಟ ಪ್ರಾಜೆಕ್ಟುಗಳಲ್ಲಿ ಎಷ್ಟಕ್ಕೆ ಎರಡನೇ ಕಂತು ಸಮಯಕ್ಕೆ ಹೋಗಿದೆ, ಎಷ್ಟು ಅರ್ಧಕ್ಕೆ ನಿಂತಿದೆ. ಪ್ರಾಜೆಕ್ಟ್ ನಂಬರು, ಪತ್ರಗಳು, ಕೆಟ್ಟುಹೋದ ಟೆಸ್ಟಿನ ಗ್ರಾಫು ಎಲ್ಲ ನಿಮ್ಮ ಆಫೀಸಿಗೆ ತಂದು ಕೊಡ್ತೀನಿ. ಫೌಂಡ್ರಿಯವರು ಇನ್ನೊಂದು ಸೆಟ್ ಸ್ಯಾಂಪಲ್ ಕೊಡೋಕೆ ಈಗಲೂ ತಯಾರಿದಾರೆ, ಮಷೀನೂ ಕೆಲಸ ಮಾಡತ್ತೆ. ದುಡ್ಡು ಬಿಡಿಸಿ ಸಾರ್.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮೇಷ್ಟ್ರು