ಕಾಣದ ಕೆಲಸಕ್ಕೆ ಕೊಡಿ: ನಮ್ಮ ಫುಟ್‌ಬಾಲ್ ಕ್ರೀಡಾಂಗಣದ ದುರಸ್ತಿಗೆ ದೇಣಿಗೆ ಮನವಿ

ಫುಟ್‌ಬಾಲ್ ಪ್ರಿಯರೇ, ಹಳೆಯ ಆಟಗಾರರೇ, ಗ್ಯಾಲರಿಯಲ್ಲಿ ಕೂತು ಗಂಟಲು ಹರಿದುಕೊಂಡವರೇ, ನಮಸ್ಕಾರ.

ನಾವು ಕ್ರೀಡಾಂಗಣ ಟ್ರಸ್ಟಿನವರು, ನೇರವಾಗಿ ವಿಷಯಕ್ಕೆ ಬರುತ್ತೇವೆ. ಕ್ರೀಡಾಂಗಣದ ದುರಸ್ತಿಗೆ ದುಡ್ಡು ಬೇಕು. ಸದ್ಯಕ್ಕೆ ಎರಡೇ ಕೆಲಸ. ಒಂದು, ಮೈದಾನದ ಅಡಿಯಲ್ಲಿ ನೀರು ಹರಿದುಹೋಗಲು ಪೈಪು ಹಾಕಿಸುವುದು. ಇನ್ನೊಂದು, ಗ್ಯಾಲರಿಯ ಹಿಂದಿನ ಗೇಟುಗಳನ್ನು ಬದಲಾಯಿಸುವುದು. ಎಲ್ಲ ಮುಗಿದ ಮೇಲೆ ಬಂದು ನೋಡಿದರೆ, ಏನೂ ಮಾಡೇ ಇಲ್ವಲ್ಲ ಅನ್ನಿಸಬಹುದು. ಅದಕ್ಕೇ ಈ ಮನವಿ ಸ್ವಲ್ಪ ಉದ್ದವಾಗಿದೆ.

ಕೊಟ್ಟ ದುಡ್ಡು ಕಣ್ಣಿಗೆ ಕಾಣಬೇಕು ಅಂತ ಯಾರಿಗಾದರೂ ಆಸೆ ಇರುತ್ತದೆ. ಸ್ವಾಗತ ಕಮಾನು ಕಟ್ಟಿಸಿ, ಹೆಸರು ಹಾಕಿಸಿ ಅಂದವರಿದ್ದಾರೆ. ಫ್ಲಡ್‌ಲೈಟ್ ಕೊಡಿಸುತ್ತೇವೆ ಅಂದವರೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದ ಬಂದ ಮಾತೇ. ಆದರೆ ನೀರು ನಿಂತ ಮೈದಾನಕ್ಕೆ ಲೈಟು ಹಾಕಿದರೆ ರಾತ್ರಿಯೂ ನೀರು ಕಾಣುತ್ತದೆ, ಅಷ್ಟೇ.

ಸಣ್ಣ ಊರಿನ ಕ್ರೀಡಾಂಗಣಗಳನ್ನು ಯಾರೂ ಒಂದೇ ಸಲಕ್ಕೆ ನಕ್ಷೆ ಬರೆದು ಕಟ್ಟಿದ್ದಲ್ಲ. ಮೊದಲು ಬರೀ ಬಯಲು. ಜನ ಜಾಸ್ತಿ ಆದಾಗ ಸುತ್ತ ಹಗ್ಗ. ಹಿಂದಿನವರಿಗೆ ಕಾಣಲೆಂದು ಮಣ್ಣಿನ ದಿಬ್ಬ, ಆಮೇಲೆ ಹಲಗೆ, ಮೇಲೊಂದು ತಗಡು. ಫುಟ್‌ಬಾಲ್ ಹುಟ್ಟಿ ಬೆಳೆದ ಬ್ರಿಟನ್ನಿನಲ್ಲೂ ಹೀಗೇ ಆಯಿತು. ಒಂದೊಂದು ತಲೆಮಾರಿನವರು ಮೇಲೆ ಏನೋ ಸೇರಿಸುತ್ತಾ ಹೋದರು. ಕೆಳಗೆ ಬಗ್ಗಿ ನೋಡಿದವರು ಕಡಿಮೆ.

1902ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯ ನಡೆಯುವಾಗಲೇ ಹಲಗೆಯ ಗ್ಯಾಲರಿ ಬಾಯಿಬಿಟ್ಟಿತು. ಜನ ಅದರೊಳಗಿಂದ ಕೆಳಕ್ಕೆ ಬಿದ್ದರು. 25 ಮಂದಿ ತೀರಿಹೋದರು. ಅದನ್ನು ಕಟ್ಟಿದ ಎಂಜಿನಿಯರ್ ಆರ್ಚಿಬಾಲ್ಡ್ ಲೀಚ್ ಆಮೇಲೆ ಗಟ್ಟಿ ಮಣ್ಣಿನ ದಿಬ್ಬದ ಮೇಲೆ ಮೆಟ್ಟಿಲು ಕಟ್ಟುವ ದಾರಿ ಹಿಡಿದರು. ಬ್ರಿಟನ್ನಿನ ಎಷ್ಟೋ ಕ್ರೀಡಾಂಗಣಗಳು ಅವರ ಕೈಯಿಂದಲೇ ಎದ್ದವು.

ಬ್ರಾಡ್‌ಫರ್ಡ್‌ನ ಕಥೆಯನ್ನು ನಮ್ಮ ಟ್ರಸ್ಟಿನ ಸಭೆಯಲ್ಲಿ ಮತ್ತೆ ಮತ್ತೆ ಮಾತಾಡಿಕೊಂಡಿದ್ದೇವೆ. ಇಂಗ್ಲೆಂಡಿನ ಉತ್ತರದ, ಬಟ್ಟೆ ಗಿರಣಿಗಳ ಊರು. 1985ರ ಮೇ 11, ಸೀಸನ್ನಿನ ಕೊನೆಯ ಪಂದ್ಯ. ಊರಿನ ತಂಡ ಲೀಗಿನ ಮೂರನೇ ಡಿವಿಷನ್, ಅಂದರೆ ಮೂರನೇ ದರ್ಜೆ, ಗೆದ್ದಿತ್ತು. ಆಟಕ್ಕೆ ಮುಂಚೆ ಕಪ್ ಕೈಗೆ ಬಂದಿತ್ತು, ಎಲ್ಲರೂ ಖುಷಿಯಲ್ಲಿದ್ದರು. ವ್ಯಾಲಿ ಪರೇಡ್ ಮೈದಾನದ ಮುಖ್ಯ ಗ್ಯಾಲರಿ ಮರದ್ದು, ತುಂಬಾ ಹಳೆಯದು. ಹಲಗೆಗಳ ಸಂದಿಯಿಂದ ಬಿದ್ದ ಕಾಗದ, ಕಸ ವರ್ಷಗಟ್ಟಲೆ ಅಡಿಯಲ್ಲಿ ರಾಶಿಯಾಗಿತ್ತು. ಅದಕ್ಕೆ ಕಿಡಿ ತಾಗಿತು. ಕೆಲವೇ ನಿಮಿಷದಲ್ಲಿ ಗ್ಯಾಲರಿ ಪೂರ್ತಿ ಹೊತ್ತಿಕೊಂಡಿತು. ಮುಂದಕ್ಕೆ, ಮೈದಾನದ ಕಡೆ ಹಾರಿದವರಲ್ಲಿ ಹೆಚ್ಚಿನವರು ಉಳಿದರು. ಹಿಂದಕ್ಕೆ ಓಡಿದವರಿಗೆ ಬೀಗ ಹಾಕಿದ ಗೇಟು ಸಿಕ್ಕಿತು. 56 ಜನ ಸತ್ತರು. ಹೊಸ ಚಾವಣಿಗೆ ಬೇಕಾದ ಉಕ್ಕು ಅಷ್ಟು ಹೊತ್ತಿಗೆ ಬಂದು ಇಳಿದಿತ್ತು. ಪಂದ್ಯ ಮುಗಿದ ಮೇಲೆ ಕೆಲಸ ಶುರುವಾಗಬೇಕಿತ್ತು.

ಈಗ ನಮ್ಮದನ್ನು ನೋಡಿ. ಗ್ಯಾಲರಿ ಸಿಮೆಂಟಿನದು, ಬೆಂಕಿಯ ಭಯ ಅಷ್ಟಿಲ್ಲ. ಆದರೆ ಹಿಂದಿನ ಗೇಟು ಒಳಗಡೆಗೆ ತೆರೆಯುತ್ತದೆ. ಚಿಲಕಕ್ಕೆ ತುಕ್ಕು ಹಿಡಿದಿದೆ. ಕಲ್ಲಿನಿಂದ ಎರಡು ಏಟು ಕೊಟ್ಟರೆ ಸರಿಯುತ್ತದೆ. ದಿನಾ ಪ್ರಾಕ್ಟೀಸಿಗೆ ಬರುವ ಹುಡುಗರಿಗೆ ಆ ಕಲ್ಲು ಎಲ್ಲಿರುತ್ತೆ ಅಂತ ಗೊತ್ತು. ಮೊದಲ ಸಲ ಮ್ಯಾಚ್ ನೋಡಲು ಬಂದವರಿಗೆ ಗೊತ್ತಿರುತ್ತದಾ? ಹಿಂದಿನಿಂದ ಜನ ಒತ್ತುತ್ತಿರುವಾಗ ಒಳಗೆ ತೆರೆಯುವ ಗೇಟನ್ನು ಎಂಥ ಗಟ್ಟಿಗನೂ ಎಳೆಯಲಾರ. ತುಂಬಿದ ಗ್ಯಾಲರಿ 8 ನಿಮಿಷದೊಳಗೆ ಖಾಲಿಯಾಗಬೇಕು ಅನ್ನುತ್ತದೆ ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿ. ನಮಗೆ ಹೊರಕ್ಕೆ ತೆರೆಯುವ, ತಳ್ಳಿದರೆ ಸಾಕು ಎನ್ನುವಂಥ, ಅಗಲವಾದ ಗೇಟುಗಳು ಬೇಕು. ಪಂದ್ಯದ ದಿನ ಒಂದೊಂದು ಗೇಟಿಗೂ ಒಬ್ಬರನ್ನು ನಿಲ್ಲಿಸುವುದು ನಮ್ಮ ಜವಾಬ್ದಾರಿ. ಅದಕ್ಕೆ ದೇಣಿಗೆ ಬೇಡ.

ಇನ್ನು ನೀರು. ನಮ್ಮ ಮೈದಾನ ಪೂರ್ಣ ಅಳತೆಯದು, 105 ಮೀಟರ್ ಉದ್ದ, 68 ಮೀಟರ್ ಅಗಲ. ಇದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 71,000 ಲೀಟರಿಗೂ ಜಾಸ್ತಿ ನೀರು. ಅದು ಎಲ್ಲಿಗಾದರೂ ಹೋಗಬೇಕು ಅಲ್ವಾ? ಮೇಲ್ಮಣ್ಣು ತುಳಿತಕ್ಕೆ ಗಟ್ಟಿಯಾಗಿ ಹೋಗಿದೆ, ನೀರು ಇಳಿಯುವುದೇ ಇಲ್ಲ. ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನಲ್ಲಿ ಮೊದಲು ನಿಲ್ಲುತ್ತದೆ. ಗೋಲ್‌ಕೀಪರ್ ನಿಲ್ಲುವ ಜಾಗದಲ್ಲಿ ಹುಲ್ಲು ಸತ್ತು ಗುಂಡಿ ಬಿದ್ದಿದೆ. ಪಾಸ್ ಕೊಟ್ಟ ಚೆಂಡು ಅಲ್ಲೇ ಕಚ್ಚಿಕೊಳ್ಳುತ್ತದೆ, ಓಡಿ ಬಂದ ಹುಡುಗಿ ಅಥವಾ ಹುಡುಗ ಮುಂದೆ ಹೋಗಿಬಿಡುತ್ತಾರೆ. ಕಾಲು ಉಳುಕುವುದು ಇಂಥ ಕಡೆಯೇ.

ಪರಿಹಾರ ಹೊಸದೇನಲ್ಲ. ಮೇಲ್ಮಣ್ಣು ತೆಗೆದು, ಸಾಲು ಸಾಲಾಗಿ ಕಾಲುವೆ ತೋಡಿ, ತೂತಿರುವ ಪೈಪು ಇಳಿಸಬೇಕು. ಅದರ ಮೇಲೆ ಸಣ್ಣ ಜಲ್ಲಿ, ಜಲ್ಲಿಯ ಮೇಲೆ ಮರಳು ಜಾಸ್ತಿ ಇರುವ ಮಣ್ಣು, ಆಮೇಲೆ ಗರಿಕೆ ಜಾತಿಯ ಹುಲ್ಲು. ನಡುಮೈದಾನ ತುಸು ಎತ್ತರ, ಅಂಚಿನ ಕಡೆಗೆ ಸಣ್ಣ ಇಳಿಜಾರು. ಸಿಂಥೆಟಿಕ್ ಹುಲ್ಲು ಹಾಸಿಬಿಡಿ ಅಂತ ಕೆಲವರು ಹೇಳಿದರು. ಅದಕ್ಕೂ ಅಡಿಯಲ್ಲಿ ಇದೇ ವ್ಯವಸ್ಥೆ ಬೇಕು. ಬಿಸಿಲಿಗೆ ಕಾಲು ಸುಡುತ್ತದೆ. ಸುಮಾರು ಹತ್ತು ವರ್ಷಕ್ಕೆ ಬದಲಾಯಿಸಬೇಕು. ಸದ್ಯಕ್ಕೆ ಬೇಡ ಅಂತ ತೀರ್ಮಾನಿಸಿದ್ದೇವೆ.

ಇನ್ನೊಂದು ತೀರ್ಮಾನವೂ ಆಗಿದೆ. ವಸ್ತುಪ್ರದರ್ಶನಕ್ಕೆ, ಸಮಾರಂಭಕ್ಕೆ ಮೈದಾನ ಬಾಡಿಗೆಗೆ ಕೊಡುವುದನ್ನು ನಿಲ್ಲಿಸುತ್ತೇವೆ. ಲಾರಿ ಒಳಗೆ ಬಂದರೆ ಮಣ್ಣು ಮತ್ತೆ ಕಲ್ಲಾಗುತ್ತದೆ, ಪೈಪು ಒಡೆಯುತ್ತದೆ. ಟ್ರಸ್ಟಿಗೆ ಬರುತ್ತಿದ್ದ ಆದಾಯದಲ್ಲಿ ದೊಡ್ಡ ಪಾಲು ಈ ಬಾಡಿಗೆಯೇ ಆಗಿತ್ತು. ನಿಮ್ಮ ಮುಂದೆ ಕೈಚಾಚಲು ಅದೂ ಒಂದು ಕಾರಣ, ಮುಚ್ಚಿಡುವಂಥದ್ದೇನಿಲ್ಲ.

ದುಡ್ಡು ಕೊಡಲು ಆಗದಿದ್ದರೆ ಬೇಜಾರು ಬೇಡ. ಬರ್ಲಿನ್ನಿನ ಯೂನಿಯನ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು 2008–09ರಲ್ಲಿ ತಮ್ಮ ಕ್ರೀಡಾಂಗಣವನ್ನು ತಾವೇ ನಿಂತು ದುರಸ್ತಿ ಮಾಡಿದರು. 2,000ಕ್ಕೂ ಹೆಚ್ಚು ಜನ, ಸುಮಾರು 1,40,000 ಗಂಟೆಗಳ ದುಡಿಮೆ. ಅಷ್ಟೊಂದು ನಾವು ಕೇಳುವುದಿಲ್ಲ. ಜಲ್ಲಿ ಹೊರಲು, ಹುಲ್ಲು ನೆಡಲು, ಗೇಟಿಗೆ ಬಣ್ಣ ಬಳಿಯಲು ರಜಾ ದಿನ ಬನ್ನಿ. ಪೈಪಿನ ಇಳಿಜಾರು ಹಿಡಿಯುವ ಕೆಲಸವನ್ನು ಮಾತ್ರ ಬಲ್ಲವರಿಗೇ ಬಿಡೋಣ.

ದೇಣಿಗೆಯನ್ನು ಟ್ರಸ್ಟಿನ ಹೆಸರಿಗೆ ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕ ಕೊಡಿ. ನಗದು ಕೊಟ್ಟರೆ ಅಲ್ಲೇ ರಸೀದಿ ಕೇಳಿ. ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ, ನಮ್ಮವರೇ ಆಗಿರಲಿ. ಖರ್ಚಿನ ಬಿಲ್ಲುಗಳನ್ನು ಕಚೇರಿಯ ಗೋಡೆಗೆ ಹಾಕುತ್ತೇವೆ. ಪೈಪು ಇಳಿಸಿ ಮಣ್ಣು ಮುಚ್ಚುವ ಮುಂಚೆ ಪ್ರತಿ ದಾನಿಗೂ ತಿಳಿಸುತ್ತೇವೆ. ಆಗ ಬಂದು ನೋಡಿ, ಅಳತೆ ಹಿಡಿದು ನೋಡಿ, ಎಂಜಿನಿಯರ್ ಹತ್ತಿರ ಏನು ಬೇಕಾದರೂ ಕೇಳಿ. ಮುಚ್ಚಿದ ಮೇಲೆ ತೋರಿಸಲು ನಮ್ಮಿಂದಲೂ ಆಗುವುದಿಲ್ಲ.

ಕ್ರೀಡಾಂಗಣ ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ